ಡೊಕ್ಕು (ತಂತ್ರಾಂಶ)

ಡೊಕ್ಕು ಎಂಬುದು ಜಾಲ ಆ್ಯಪ್‌ಗಳನ್ನು ಸ್ವಂತದ ಅಥವಾ ಬಾಡಿಗೆಗೆ ಪಡೆದ ಸರ್ವರಿನಲ್ಲಿ ನಿಯೋಜಿಸಿ ನಡೆಸಲು ನೆರವಾಗುವ ಒಂದು ಮುಕ್ತ ಆಕರ ತಂತ್ರಾಂಶ. ಇದನ್ನು ಅಮೆರಿಕದ ತಂತ್ರಾಂಶ ತಜ್ಞ ಜೆಫ್ ಲಿಂಡ್ಸೆ 2013ರಲ್ಲಿ ರಚಿಸಿ ಬಿಡುಗಡೆ ಮಾಡಿದರು. ಹೆರೋಕು ಎಂಬ ವಾಣಿಜ್ಯ ಸೇವೆಯು ಒದಗಿಸುತ್ತಿದ್ದ ಅನುಕೂಲವನ್ನು ಒಂದೇ ಒಂದು ಸರ್ವರಿನಲ್ಲಿ, ಸಣ್ಣ ಪ್ರಮಾಣದಲ್ಲಿ ದೊರಕಿಸಿಕೊಡುವುದು ಇದರ ಉದ್ದೇಶ. ಡಾಕರ್, ಗಿಟ್, ಎಂಜಿನ್‌ಎಕ್ಸ್ ಮೊದಲಾದ ಸಿದ್ಧ ಸಾಧನಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿರುವುದರಿಂದ ಇದು ಹಗುರವಾದ ವೇದಿಕೆಯಾಗಿದೆ. ಇದರ ಬಹುಭಾಗವನ್ನು ಬ್ಯಾಷ್ ಮತ್ತು ಗೋ ಭಾಷೆಗಳಲ್ಲಿ ಬರೆಯಲಾಗಿದ್ದು, ಎಂಐಟಿ ಪರವಾನಗಿಯಡಿ ಉಚಿತವಾಗಿ ಲಭ್ಯವಿದೆ. ಸಣ್ಣ ತಂಡಗಳು, ವಿದ್ಯಾರ್ಥಿಗಳು ಹಾಗೂ ಹವ್ಯಾಸಿ ಕ್ರಮವಿಧಿಕಾರರು ಇದರ ಮುಖ್ಯ ಬಳಕೆದಾರರು.

ಹಿನ್ನೆಲೆ

ಒಬ್ಬ ಕ್ರಮವಿಧಿಕಾರನು ತನ್ನ ಗಣಕಯಂತ್ರದಲ್ಲಿ ಬರೆದ ಆ್ಯಪ್ ಇತರರಿಗೆ ಅಂತರಜಾಲದ ಮೂಲಕ ದೊರೆಯಬೇಕಾದರೆ ಅದನ್ನು ಸದಾ ಚಾಲನೆಯಲ್ಲಿರುವ ಸರ್ವರಿಗೆ ಸಾಗಿಸಬೇಕು. ಅದಕ್ಕೆ ಬೇಕಾದ ಭಾಷಾ ಪರಿಸರ ಮತ್ತು ಗ್ರಂಥಾಲಯ ಕಡತಗಳನ್ನು ಅಲ್ಲಿ ಸ್ಥಾಪಿಸಬೇಕು, ದತ್ತಸಂಚಯಕ್ಕೆ ಸಂಪರ್ಕ ಕಲ್ಪಿಸಬೇಕು, ಜಾಲವಿಳಾಸವನ್ನು ಹೊಂದಿಸಬೇಕು. ಆ್ಯಪ್ ನಿಂತುಹೋದರೆ ಮತ್ತೆ ಚಾಲೂ ಆಗುವಂತೆಯೂ ಏರ್ಪಾಡು ಮಾಡಬೇಕು. ಈ ಎಲ್ಲ ಕೆಲಸಗಳನ್ನು ಒಟ್ಟಾಗಿ ನಿಯೋಜನೆ ಎನ್ನುತ್ತಾರೆ. ಇದನ್ನು ಪ್ರತಿಬಾರಿಯೂ ಕೈಯಿಂದ ಮಾಡಿದರೆ ಸಮಯ ಹಿಡಿಯುತ್ತದೆ, ಮರೆವಿನಿಂದ ತಪ್ಪುಗಳೂ ನುಸುಳುತ್ತವೆ. ಸರ್ವರನ್ನು ಹೇಗೆ ಸಜ್ಜುಗೊಳಿಸಲಾಗಿದೆ ಎಂಬ ತಿಳಿವಳಿಕೆ ಒಬ್ಬರ ನೆನಪಿನಲ್ಲಿ ಮಾತ್ರ ಉಳಿದರೆ, ಅವರು ತಂಡವನ್ನು ಬಿಟ್ಟ ದಿನ ಆ ತಿಳಿವಳಿಕೆಯೂ ಅವರೊಂದಿಗೆ ಹೋಗುತ್ತದೆ.

ಈ ತೊಡಕಿಗೆ ಪರಿಹಾರವಾಗಿ 2007ರಲ್ಲಿ ಹೆರೋಕು ಸೇವೆ ಆರಂಭವಾಯಿತು. ಜೇಮ್ಸ್ ಲಿಂಡನ್‌ಬಾಮ್, ಆಡಮ್ ವಿಗಿನ್ಸ್ ಮತ್ತು ಒರಾಯನ್ ಹೆನ್ರಿ ಇದರ ಸ್ಥಾಪಕರು. ಆರಂಭದಲ್ಲಿ ರೂಬಿ ಭಾಷೆಯ ಆ್ಯಪ್‌ಗಳಿಗೆ ಮೀಸಲಾಗಿದ್ದ ಈ ಸೇವೆ ಕ್ರಮೇಣ ಇತರ ಭಾಷೆಗಳಿಗೂ ವಿಸ್ತರಿಸಿತು. ಗಿಟ್‌ನ ಒಂದೇ ಆದೇಶದಿಂದ ಆಕರ ಸಂಕೇತವನ್ನು ಕಳುಹಿಸಿದರೆ ಉಳಿದುದೆಲ್ಲವೂ ತಾನಾಗಿ ನಡೆಯುತ್ತಿದ್ದುದು ಇದರ ಆಕರ್ಷಣೆಯಾಗಿತ್ತು. ಹೆರೋಕುವನ್ನು ಸುಮಾರು 21 ಕೋಟಿ 20 ಲಕ್ಷ ಡಾಲರುಗಳಿಗೆ ಕೊಳ್ಳುವುದಾಗಿ ಸೇಲ್ಸ್‌ಫೋರ್ಸ್ ಕಂಪನಿಯು 2010ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಈ ಬಗೆಯ ಸೇವೆಗಳು ಅನುಕೂಲಕರವಾದರೂ ಆ್ಯಪ್‌ಗಳ ಸಂಖ್ಯೆ ಹೆಚ್ಚಿದಂತೆ ವೆಚ್ಚವೂ ಏರುತ್ತದೆ. ದರ ಮತ್ತು ನಿಬಂಧನೆಗಳನ್ನು ಬದಲಿಸುವ ಅಧಿಕಾರ ಸೇವಾದಾರರ ಕೈಯಲ್ಲಿರುತ್ತದೆ. ಹೆರೋಕು ತನ್ನ ಉಚಿತ ಯೋಜನೆಯನ್ನು 2022ರ ನವೆಂಬರ್ 28ರಿಂದ ನಿಲ್ಲಿಸಿದಾಗ, ಅದನ್ನೇ ನೆಚ್ಚಿಕೊಂಡಿದ್ದ ವಿದ್ಯಾರ್ಥಿಗಳು ಮತ್ತು ಸಣ್ಣ ತಂಡಗಳು ಹಣ ತೆರಬೇಕಾಯಿತು ಅಥವಾ ಬೇರೆ ದಾರಿ ಹುಡುಕಬೇಕಾಯಿತು.

ಇತಿಹಾಸ

ಡೊಕ್ಕುವಿನ ಹುಟ್ಟಿಗೆ ಡಾಕರ್ ತಂತ್ರಾಂಶವು ನೇರ ಕಾರಣವಾಯಿತು. ಡಾಟ್‌ಕ್ಲೌಡ್ ಎಂಬ ಕಂಪನಿಯ ಸೋಲೊಮನ್ ಹೈಕ್ಸ್ ಅವರು 2013ರ ಮಾರ್ಚ್ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ನಡೆದ ಪೈಕಾನ್ ಸಮ್ಮೇಳನದಲ್ಲಿ ಡಾಕರನ್ನು ಪರಿಚಯಿಸಿದರು. ಒಂದು ಆ್ಯಪನ್ನು ಅದಕ್ಕೆ ಬೇಕಾದ ಸಕಲ ಸಾಮಗ್ರಿಯೊಂದಿಗೆ ಒಂದು ಕಂಟೇನರಿನಲ್ಲಿ ತುಂಬಿ, ಬೇರೆ ಆ್ಯಪ್‌ಗಳಿಂದ ಪ್ರತ್ಯೇಕವಾಗಿ ನಡೆಸುವುದು ಇದರಿಂದ ಸುಲಭವಾಯಿತು. ಈ ಪ್ರತ್ಯೇಕತೆಗೆ ಆಧಾರವಾದ ಸೌಲಭ್ಯಗಳು ಲಿನಕ್ಸ್ ಕರ್ನಲ್‌ನಲ್ಲಿ ಮೊದಲೇ ಇದ್ದವು. ಸಂಪನ್ಮೂಲಗಳ ಹಂಚಿಕೆಯನ್ನು ನಿಯಂತ್ರಿಸುವ ಸಿ-ಗ್ರೂಪ್ಸ್ 2008ರಲ್ಲಿ ಹೊರಬಂದ 2.6.24ನೆಯ ಆವೃತ್ತಿಯಲ್ಲಿ ಸೇರ್ಪಡೆಯಾಗಿತ್ತು. ಅವುಗಳನ್ನು ಸಾಮಾನ್ಯ ಕ್ರಮವಿಧಿಕಾರರ ಕೈಗೆಟಕುವಂತೆ ಮಾಡಿದ್ದು ಡಾಕರ್.

ಡಾಕರ್ ಪ್ರಕಟವಾದ ಕೆಲವೇ ತಿಂಗಳಲ್ಲಿ ಜೆಫ್ ಲಿಂಡ್ಸೆ ಡೊಕ್ಕುವನ್ನು ಹೊರತಂದರು. ವೆಬ್‌ಹುಕ್ ಎಂಬ ಪದವನ್ನು 2007ರಲ್ಲಿ ಬಳಕೆಗೆ ತಂದವರೂ ಇವರೇ. ಡೊಕ್ಕುವಿನ ಮೊದಲ ಆವೃತ್ತಿಯಲ್ಲಿದ್ದದ್ದು ಸುಮಾರು 100 ಸಾಲುಗಳ ಬ್ಯಾಷ್ ಸಂಕೇತ ಮಾತ್ರ. ಇಷ್ಟು ಚಿಕ್ಕದಾಗಲು ಸಾಧ್ಯವಾದದ್ದು ಭಾರದ ಕೆಲಸವನ್ನೆಲ್ಲ ಇತರ ಸಾಧನಗಳಿಗೆ ಒಪ್ಪಿಸಿದ್ದರಿಂದ. ಗಿಟ್ ಮೂಲಕ ಬಂದುದನ್ನು ಸ್ವೀಕರಿಸಲು ಗಿಟ್‌ರಿಸೀವ್, ಆ್ಯಪನ್ನು ಕಟ್ಟಲು ಬಿಲ್ಡ್‌ಸ್ಟೆಪ್, ಹೊರಗಿನ ಬೇಡಿಕೆಗಳನ್ನು ಒಳಗೆ ಹರಿಸಲು ಎಂಜಿನ್‌ಎಕ್ಸ್ ಬಳಕೆಯಾಗಿದ್ದವು. ಮುಂದೆ ಇದರ ನಿರ್ವಹಣೆಯ ಹೊಣೆಯನ್ನು ಹೊಸೆ ಡಯಾಸ್-ಗೊನ್ಸಾಲೆಸ್ ವಹಿಸಿಕೊಂಡರು. ಸ್ವಯಂಸೇವಕರ ನೆರವಿನಿಂದ ಇದು ಪ್ಲಗಿನ್‌ಗಳ ವ್ಯವಸ್ಥೆಯುಳ್ಳ ವೇದಿಕೆಯಾಗಿ ಬೆಳೆಯಿತು.

ರಚನೆ

ಡೊಕ್ಕುವಿನ ಪ್ರಮುಖ ಅಂಗಗಳು ಇವು:

ಗಿಟ್ ಮತ್ತು ಎಸ್‌ಎಸ್‌ಎಚ್: ಸರ್ವರಿನಲ್ಲಿ ಡೊಕ್ಕು ಎಂಬ ಹೆಸರಿನ ಪ್ರತ್ಯೇಕ ಬಳಕೆದಾರ ಖಾತೆ ಇರುತ್ತದೆ. ತಂಡದ ಸದಸ್ಯರು ತಮ್ಮ ಎಸ್‌ಎಸ್‌ಎಚ್ ಕೀಲಿಯಿಂದ ಈ ಖಾತೆಯನ್ನು ಪ್ರವೇಶಿಸುತ್ತಾರೆ. ಈ ಪ್ರವೇಶವು ಡೊಕ್ಕುವಿನ ಆದೇಶಗಳಿಗೆ ಸೀಮಿತವಾಗಿದ್ದು, ಸರ್ವರಿನ ಸಾಮಾನ್ಯ ಶೆಲ್ ದೊರೆಯುವುದಿಲ್ಲ.

ಬಿಲ್ಡರ್: ಆಕರ ಸಂಕೇತದಿಂದ ಡಾಕರ್ ಇಮೇಜನ್ನು ತಯಾರಿಸುವ ಭಾಗ. ಯೋಜನೆಯಲ್ಲಿ ಡಾಕರ್‌ಫೈಲ್ ಇದ್ದರೆ ಸಾಮಾನ್ಯವಾಗಿ ಅದರಂತೆ ಇಮೇಜ್ ಸಿದ್ಧವಾಗುತ್ತದೆ. ಇಲ್ಲದಿದ್ದರೆ ಹೆರೋಕುವಿನಿಂದ ಬಂದ ಬಿಲ್ಡ್‌ಪ್ಯಾಕ್ ವಿಧಾನವು ಕಡತಗಳನ್ನು ನೋಡಿ ಭಾಷೆಯನ್ನು ಗುರುತಿಸುತ್ತದೆ. ಉದಾಹರಣೆಗೆ, ರಿಕ್ವೈರ್‌ಮೆಂಟ್ಸ್ ಕಡತವಿದ್ದರೆ ಪೈಥಾನ್ ಎಂದೂ ಜೆಮ್‌ಫೈಲ್ ಇದ್ದರೆ ರೂಬಿ ಎಂದೂ ತಿಳಿಯುತ್ತದೆ.

ಡಾಕರ್: ಇಮೇಜಿನಿಂದ ಕಂಟೇನರನ್ನು ಹುಟ್ಟಿಸಿ ನಡೆಸುವ ಭಾಗ.

ಎಂಜಿನ್‌ಎಕ್ಸ್: ಇಗೊರ್ ಸಿಸೊಯೆವ್ ಅವರು ರಚಿಸಿ 2004ರಲ್ಲಿ ಬಿಡುಗಡೆ ಮಾಡಿದ ಜಾಲ ಸರ್ವರ್. ಯಾವ ಜಾಲವಿಳಾಸಕ್ಕೆ ಬಂದ ಬೇಡಿಕೆ ಯಾವ ಕಂಟೇನರಿಗೆ ಹೋಗಬೇಕೆಂಬುದನ್ನು ಇದು ನಿರ್ವಹಿಸುತ್ತದೆ. ಹೀಗಾಗಿ ಒಂದೇ ಸರ್ವರಿನಲ್ಲಿ ಹಲವು ಆ್ಯಪ್‌ಗಳು ಬೇರೆ ಬೇರೆ ವಿಳಾಸಗಳಲ್ಲಿ ಇರಬಲ್ಲವು.

ಪ್ಲಗಿನ್‌ಗಳು: ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ರೆಡಿಸ್, ಮೊಂಗೊಡಿಬಿ ಮೊದಲಾದ ದತ್ತಸಂಚಯಗಳನ್ನೂ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಭದ್ರತಾ ಪ್ರಮಾಣಪತ್ರಗಳನ್ನೂ ಒದಗಿಸುವ ಹೆಚ್ಚುವರಿ ಭಾಗಗಳು.

ಕಾರ್ಯವಿಧಾನ

ನಾಲ್ಕು ಜನರ ತಂಡವೊಂದು ಒಂದು ಗ್ರಂಥಾಲಯಕ್ಕಾಗಿ ಪುಸ್ತಕಪಟ್ಟಿಯ ಆ್ಯಪನ್ನು ಬರೆದಿದೆ ಎಂದು ಊಹಿಸಿದರೆ ಈ ವೇದಿಕೆಯ ಕೆಲಸವನ್ನು ಸುಲಭವಾಗಿ ಗ್ರಹಿಸಬಹುದು. ತಂಡದ ಸದಸ್ಯರೊಬ್ಬರು ಗಿಟ್‌ನ ಪುಶ್ ಆದೇಶದಿಂದ ಹೊಸ ಸಂಕೇತವನ್ನು ಸರ್ವರಿಗೆ ಕಳುಹಿಸುತ್ತಾರೆ. ಸರ್ವರಿನಲ್ಲಿರುವ ಗಿಟ್ ಹುಕ್ ಎಚ್ಚೆತ್ತು, ಬಂದ ಸಂಕೇತವನ್ನು ಬಿಲ್ಡರಿಗೆ ಒಪ್ಪಿಸುತ್ತದೆ. ಬಿಲ್ಡರ್ ಒಂದು ಹೊಸ ಇಮೇಜನ್ನು ತಯಾರಿಸುತ್ತದೆ. ಆ ಇಮೇಜಿನಿಂದ ಹೊಸ ಕಂಟೇನರ್ ಚಾಲೂ ಆಗುತ್ತದೆ. ಆಗಲೂ ಹಳೆಯ ಕಂಟೇನರ್ ಓದುಗರ ಬೇಡಿಕೆಗಳಿಗೆ ಉತ್ತರಿಸುತ್ತಲೇ ಇರುತ್ತದೆ.

ಮುಂದಿನ ಹಂತ ತಪಾಸಣೆಯದು. ತಂಡವು ತಪಾಸಣೆಯ ನಿಯಮಗಳನ್ನು ಬರೆದಿಟ್ಟಿದ್ದರೆ ಡೊಕ್ಕು ಅವುಗಳಂತೆ ಹೊಸ ಕಂಟೇನರನ್ನು ಪರೀಕ್ಷಿಸುತ್ತದೆ. ನಿರ್ದಿಷ್ಟ ಪುಟವೊಂದು ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ನೋಡುವುದು ಇಂತಹ ಒಂದು ನಿಯಮ. ನಿಯಮಗಳಿಲ್ಲದಿದ್ದರೆ ಕಂಟೇನರ್ 10 ಸೆಕೆಂಡುಗಳ ಕಾಲ ನಿಲ್ಲದೆ ನಡೆಯಿತೇ ಎಂಬುದನ್ನಷ್ಟೇ ಗಮನಿಸಲಾಗುತ್ತದೆ. ತಪಾಸಣೆಯಲ್ಲಿ ಗೆದ್ದರೆ ಎಂಜಿನ್‌ಎಕ್ಸ್ ಬೇಡಿಕೆಗಳನ್ನು ಹೊಸ ಕಂಟೇನರಿಗೆ ತಿರುಗಿಸುತ್ತದೆ. ಕೈಯಲ್ಲಿರುವ ಕೆಲಸ ಮುಗಿಸಲೆಂದು ಹಳೆಯ ಕಂಟೇನರಿಗೆ ಸಾಮಾನ್ಯವಾಗಿ 60 ಸೆಕೆಂಡುಗಳ ಅವಕಾಶ ಕೊಟ್ಟು ಬಳಿಕ ನಿಲ್ಲಿಸಲಾಗುತ್ತದೆ. ತಪಾಸಣೆಯಲ್ಲಿ ಸೋತರೆ ನಿಯೋಜನೆಯೇ ರದ್ದಾಗಿ ಹಳೆಯ ಆವೃತ್ತಿ ಮುಂದುವರಿಯುತ್ತದೆ. ಚಾಲೂ ಆಗಲಾರದಷ್ಟು ದೋಷವಿರುವ ಸಂಕೇತ ಕಳುಹಿಸಿದರೂ ಗ್ರಂಥಾಲಯದ ಓದುಗರಿಗೆ ಅದು ಅರಿವಿಗೇ ಬಾರದಿರುವುದು ಈ ಕ್ರಮದ ಪ್ರಯೋಜನ. ಆದರೆ ತಪಾಸಣೆಯ ನಿಯಮಗಳಿಗೆ ನಿಲುಕದ ದೋಷಗಳು ಇಲ್ಲಿ ಪತ್ತೆಯಾಗುವುದಿಲ್ಲ. ಪುಸ್ತಕಗಳ ಸಂಖ್ಯೆಯನ್ನು ತಪ್ಪಾಗಿ ಎಣಿಸುವ ಆ್ಯಪ್ ಕೂಡ ಪುಟವನ್ನು ತೆರೆದು ತೋರಿಸಬಲ್ಲದು.

ಹಿಂದಿನ ಆವೃತ್ತಿಗೆ ಮರಳಬೇಕಾದಾಗ ಗಿಟ್ ಚರಿತ್ರೆಯಲ್ಲಿರುವ ಹಳೆಯ ಸಂಕೇತವನ್ನು ಮತ್ತೆ ಕಳುಹಿಸಲಾಗುತ್ತದೆ. ಹೀಗೆ ಮರಳುವುದು ಸಂಕೇತ ಮಾತ್ರ. ಹೊಸ ಆವೃತ್ತಿಯು ದತ್ತಸಂಚಯದ ಕೋಷ್ಟಕಗಳನ್ನು ಬದಲಿಸಿದ್ದರೆ ಆ ಬದಲಾವಣೆ ಹಾಗೆಯೇ ಉಳಿಯುತ್ತದೆ.

ಸ್ಥಾಪನೆ ಮತ್ತು ಬಳಕೆ

ಡೊಕ್ಕುವನ್ನು ಉಬುಂಟು ಅಥವಾ ಡೆಬಿಯನ್ ಕಾರ್ಯಾಚರಣ ವ್ಯವಸ್ಥೆಯುಳ್ಳ, ಆಗಷ್ಟೇ ಸಿದ್ಧಪಡಿಸಿದ ಸರ್ವರಿನಲ್ಲಿ ಸ್ಥಾಪಿಸಬೇಕೆಂದು ಅದರ ಕೈಪಿಡಿಯು ಸೂಚಿಸುತ್ತದೆ. ಕನಿಷ್ಠ 1 ಗಿಗಾಬೈಟ್ ಸ್ಮೃತಿ ಇರಬೇಕು. ಆ್ಯಪನ್ನು ನಡೆಸುವುದಕ್ಕಿಂತ ಕಟ್ಟುವುದಕ್ಕೆ ಹೆಚ್ಚು ಸ್ಮೃತಿ ಬೇಕಾಗುವುದುಂಟು. ಕಟ್ಟುವ ಕೆಲಸವೂ ನಡೆಸುವ ಕೆಲಸವೂ ಒಂದೇ ಯಂತ್ರದಲ್ಲಿ ಆಗುವುದರಿಂದ, ಸ್ಮೃತಿ ಸಾಲದಿದ್ದರೆ ಹೊಸ ಆ್ಯಪ್ ಕಟ್ಟುವಾಗ ಈಗಾಗಲೇ ನಡೆಯುತ್ತಿರುವ ಆ್ಯಪ್‌ಗಳಿಗೂ ತೊಂದರೆಯಾಗಬಹುದು. ಸ್ವಾಪ್ ಜಾಗವನ್ನು ಮೀಸಲಿಡುವುದು ಅಥವಾ ಬೇರೆಡೆ ಸಿದ್ಧಪಡಿಸಿದ ಇಮೇಜನ್ನು ತಂದು ನಿಯೋಜಿಸುವುದು ಇದಕ್ಕೆ ಪರಿಹಾರ.

ಬಳಕೆಯ ಕ್ರಮ ಹೀಗಿದೆ: ಮೊದಲು ಆ್ಯಪಿಗೆ ಒಂದು ಹೆಸರು ಕೊಡಬೇಕು. ಬಳಿಕ ದತ್ತಸಂಚಯವನ್ನು ಸೃಷ್ಟಿಸಿ ಆ್ಯಪಿಗೆ ಜೋಡಿಸಬೇಕು. ಜೋಡಿಸಿದೊಡನೆ ದತ್ತಸಂಚಯದ ವಿಳಾಸ ಮತ್ತು ಗುಪ್ತಪದ ಪರಿಸರ ಚರಾಂಶದ ರೂಪದಲ್ಲಿ ಆ್ಯಪಿಗೆ ದೊರೆಯುತ್ತವೆ. ಇಂತಹ ಗುಟ್ಟಿನ ವಿವರಗಳನ್ನು ಆಕರ ಸಂಕೇತದೊಳಗೆ ಬರೆಯದೆ ಹೊರಗಿಡಬೇಕೆಂಬ ತತ್ತ್ವವನ್ನು ಹೆರೋಕುವಿನ ಆಡಮ್ ವಿಗಿನ್ಸ್ ಅವರು ಹನ್ನೆರಡು ಸೂತ್ರಗಳ ಆ್ಯಪ್ ಎಂಬ ಬರಹದಲ್ಲಿ ವಿವರಿಸಿದ್ದಾರೆ. ಡೊಕ್ಕುವಿನ ವಿನ್ಯಾಸ ಬಹುಮಟ್ಟಿಗೆ ಆ ಸೂತ್ರಗಳಿಗೆ ಹೊಂದುತ್ತದೆ. ದತ್ತಸಂಚಯದ ಜೋಡಣೆಯಾದ ನಂತರ ಸಂಕೇತವನ್ನು ಕಳುಹಿಸಿ ಜಾಲವಿಳಾಸವನ್ನು ಸೇರಿಸಬೇಕು.

ಕೊನೆಯ ಹಂತವಾಗಿ ಭದ್ರತಾ ಪ್ರಮಾಣಪತ್ರ ಪಡೆಯಬೇಕು. ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರಿನಿಂದ ಸಾರ್ವಜನಿಕರಿಗೆ ಪ್ರಮಾಣಪತ್ರಗಳನ್ನು ಉಚಿತವಾಗಿ ನೀಡುತ್ತಿದೆ. 90 ದಿನಗಳ ಅವಧಿಯ ಈ ಪತ್ರಗಳನ್ನು ಅವಧಿ ಮುಗಿಯುವ ಮುನ್ನ ನವೀಕರಿಸಲು ಪ್ಲಗಿನ್‌ನಲ್ಲಿ ಸೌಲಭ್ಯವಿದೆ. ಪತ್ರ ಪಡೆಯುವ ಮೊದಲೇ ಜಾಲವಿಳಾಸವು ಆ ಸರ್ವರಿನತ್ತ ತಿರುಗಿರಬೇಕು, 80ನೆಯ ಪೋರ್ಟ್ ತೆರೆದಿರಬೇಕು. ಹೊಸಬರು ಹೆಚ್ಚಾಗಿ ಎಡವುವುದು ಈ ಹಂತದಲ್ಲಿ.

ದತ್ತಾಂಶದ ಉಳಿವು

ಕಂಟೇನರ್ ಎಂಬುದು ಅಲ್ಪಾಯುಷಿ. ಪ್ರತಿ ನಿಯೋಜನೆಯಲ್ಲೂ ಹಳೆಯ ಕಂಟೇನರ್ ಹೋಗಿ ಹೊಸದು ಬರುತ್ತದೆ. ಹಳೆಯದರ ಒಳಗೆ ಬರೆದಿಟ್ಟ ಕಡತಗಳೂ ಅದರೊಂದಿಗೆ ಇಲ್ಲವಾಗುತ್ತವೆ. ಗ್ರಂಥಾಲಯದ ಉದಾಹರಣೆಯಲ್ಲಿ, ಓದುಗರು ಸೇರಿಸಿದ ಮುಖಪುಟದ ಚಿತ್ರಗಳನ್ನು ಆ್ಯಪ್ ತನ್ನ ಕಂಟೇನರಿನೊಳಗೇ ಇಟ್ಟುಕೊಂಡಿದ್ದರೆ ಮುಂದಿನ ನಿಯೋಜನೆಯ ನಂತರ ಅವು ಸಿಗುವುದಿಲ್ಲ. ಪರೀಕ್ಷೆಯ ಹಂತದಲ್ಲಿ ಇದು ಗಮನಕ್ಕೆ ಬಾರದೆ, ಬಳಕೆ ಆರಂಭವಾದ ಮೇಲೆ ನಷ್ಟವಾಗಿ ಕಾಣಿಸಿಕೊಳ್ಳುವ ಸಂಭವವಿದೆ. ಇದನ್ನು ತಪ್ಪಿಸಲು ಸರ್ವರಿನ ಒಂದು ಕಡತಕೋಶವನ್ನು ಕಂಟೇನರಿಗೆ ಜೋಡಿಸುವ ಸೌಲಭ್ಯವಿದೆ. ಅದರಲ್ಲಿ ಇಟ್ಟ ಕಡತಗಳು ಕಂಟೇನರ್ ಬದಲಾದರೂ ಉಳಿಯುತ್ತವೆ. ಪ್ಲಗಿನ್‌ಗಳ ಮೂಲಕ ಸೃಷ್ಟಿಸಿದ ದತ್ತಸಂಚಯಗಳೂ ಇದೇ ಬಗೆಯ ಕಾಯಂ ಜಾಗದಲ್ಲಿರುತ್ತವೆ.

ಆದರೆ ಸರ್ವರಿನ ತಟ್ಟೆಯೇ ಕೆಟ್ಟರೆ ಈ ಜಾಗವೂ ಉಳಿಯದು. ಆದ್ದರಿಂದ ಬ್ಯಾಕಪ್ ಪ್ರತಿಗಳು ಬೇರೊಂದು ಸ್ಥಳದಲ್ಲಿರುವುದು ಅಗತ್ಯ. ದತ್ತಸಂಚಯದ ಅಧಿಕೃತ ಪ್ಲಗಿನ್‌ಗಳಲ್ಲಿ ದತ್ತಾಂಶವನ್ನು ಹೊರತೆಗೆಯುವ, ಮತ್ತೆ ಒಳತರುವ ಆದೇಶಗಳಿವೆ. ನಿಗದಿತ ಸಮಯಕ್ಕೆ ದೂರದ ಸಂಗ್ರಹಕ್ಕೆ ಪ್ರತಿ ಕಳುಹಿಸುವ ವ್ಯವಸ್ಥೆಯನ್ನೂ ಪೋಸ್ಟ್‌ಗ್ರೆಸ್‌ನಂತಹ ಪ್ಲಗಿನ್‌ಗಳಲ್ಲಿ ಮಾಡಿಕೊಳ್ಳಬಹುದು. ಆದರೆ ಇದು ತಾನಾಗಿ ಆರಂಭವಾಗುವುದಿಲ್ಲ, ತಂಡವೇ ಅದನ್ನು ಹೊಂದಿಸಬೇಕು. ಜೋಡಿಸಿದ ಕಡತಕೋಶಗಳ ಪ್ರತಿಯನ್ನು ಪ್ರತ್ಯೇಕವಾಗಿ ತೆಗೆಯಬೇಕು. ತೆಗೆದ ಪ್ರತಿಯಿಂದ ಬೇರೊಂದು ಯಂತ್ರದಲ್ಲಿ ಆ್ಯಪನ್ನು ಮತ್ತೆ ನಿಲ್ಲಿಸಿ ನೋಡಿದಾಗಲೇ ಅದು ಉಪಯುಕ್ತವೆಂದು ಖಚಿತವಾಗುತ್ತದೆ.

ಭದ್ರತೆ

ಡೊಕ್ಕು ನಡೆಸುವ ಸರ್ವರಿನ ರಕ್ಷಣೆ ಅದನ್ನು ಸ್ಥಾಪಿಸಿದವರದೇ ಹೊಣೆ. ಕಾರ್ಯಾಚರಣ ವ್ಯವಸ್ಥೆ, ಡಾಕರ್, ಡೊಕ್ಕು, ಪ್ಲಗಿನ್‌ಗಳು ಹಾಗೂ ಆ್ಯಪ್ ಬಳಸುವ ಗ್ರಂಥಾಲಯ ಕಡತಗಳು ಎಲ್ಲವನ್ನೂ ಕಾಲಕಾಲಕ್ಕೆ ಪರಿಷ್ಕರಿಸಬೇಕು. ವಿಶೇಷವಾಗಿ ಮೂರು ಅಂಶಗಳು ಗಮನಾರ್ಹವಾಗಿವೆ.

ಮೊದಲನೆಯದಾಗಿ, ಮೂಲ ಡೊಕ್ಕುವಿನಲ್ಲಿ ನೋಂದಾಯಿತ ಕೀಲಿಯುಳ್ಳ ಪ್ರತಿಯೊಬ್ಬರಿಗೂ ಎಲ್ಲ ಆ್ಯಪ್‌ಗಳ ಮೇಲೆ ಅಧಿಕಾರವಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಆ್ಯಪನ್ನು ಮಾತ್ರ ಒಪ್ಪಿಸಬೇಕಾದರೆ ಸಮುದಾಯದವರು ರಚಿಸಿದ ಪ್ಲಗಿನ್ ಬಳಸಬೇಕು. ಪರಸ್ಪರ ನಂಬಿಕೆಯುಳ್ಳ ಸಣ್ಣ ತಂಡಕ್ಕೆ ಇದು ತೊಡಕಲ್ಲ. ಆದರೆ ತಂಡ ಬಿಟ್ಟವರ ಕೀಲಿಯನ್ನು ತೆಗೆದುಹಾಕುವುದನ್ನು ಮರೆಯಬಾರದು.

ಎರಡನೆಯದಾಗಿ, ಸರ್ವರಿನಲ್ಲಿ ಡಾಕರನ್ನು ನೇರವಾಗಿ ಬಳಸುವ ಅನುಮತಿ ಇರುವವರು ಬಹುತೇಕ ರೂಟ್ ಬಳಕೆದಾರನಷ್ಟೇ ಅಧಿಕಾರ ಪಡೆದಂತಾಗುತ್ತದೆ. ಹೀಗಾಗಿ ಆ ಅನುಮತಿಯನ್ನು ಯೋಚಿಸಿ ನೀಡಬೇಕು.

ಮೂರನೆಯದಾಗಿ, ಡಾಕರ್ ಹೊರಕ್ಕೆ ತೆರೆದ ಪೋರ್ಟ್‌ಗಳು ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ನಿಯಮಗಳನ್ನು ದಾಟಿ ಹೋಗುತ್ತವೆ. ಫೈರ್‌ವಾಲ್ ಮುಚ್ಚಿದೆ ಎಂಬ ಭರವಸೆಯಿಂದ ದತ್ತಸಂಚಯದ ಪೋರ್ಟನ್ನು ತೆರೆದರೆ ಅದು ಇಡೀ ಅಂತರಜಾಲಕ್ಕೆ ತೆರೆದಂತೆಯೇ ಸರಿ. ಡೊಕ್ಕುವಿನ ದತ್ತಸಂಚಯ ಪ್ಲಗಿನ್‌ಗಳು ತಾವಾಗಿ ಪೋರ್ಟ್ ತೆರೆಯುವುದಿಲ್ಲ. ಬಳಕೆದಾರರು ಪ್ರತ್ಯೇಕ ಆದೇಶ ಕೊಟ್ಟಾಗ ಮಾತ್ರ ಅದು ತೆರೆಯುತ್ತದೆ.

ಮಿತಿಗಳು

ಡೊಕ್ಕು ಮೂಲತಃ ಒಂದೇ ಸರ್ವರಿಗಾಗಿ ರೂಪಿತವಾದದ್ದು. ಆ ಸರ್ವರ್ ನಿಂತರೆ ಅದರಲ್ಲಿನ ಎಲ್ಲ ಆ್ಯಪ್‌ಗಳೂ ನಿಲ್ಲುತ್ತವೆ. ಹೊರೆ ಹೆಚ್ಚಿದಾಗ ಹೆಚ್ಚು ಸಾಮರ್ಥ್ಯದ ಯಂತ್ರಕ್ಕೆ ಹೋಗುವುದೇ ಮೊದಲ ಉಪಾಯ. ಹಲವು ಯಂತ್ರಗಳ ಸಮೂಹದಲ್ಲಿ ಆ್ಯಪ್‌ಗಳನ್ನು ನಡೆಸಲು ಕೆ3ಎಸ್ ಎಂಬ ಹಗುರ ಕುಬರ್ನೆಟಿಸ್‌ನ ಬೆಂಬಲವನ್ನು ನಂತರದ ಆವೃತ್ತಿಗಳಲ್ಲಿ ಸೇರಿಸಲಾಗಿದೆ. ಆದರೆ ಆ ದಾರಿಯಲ್ಲಿ ಡೊಕ್ಕುವಿನ ಸರಳತೆ ಸ್ವಲ್ಪ ಕಡಿಮೆಯಾಗುತ್ತದೆ.

ಹಳೆಯ ಇಮೇಜ್‌ಗಳು ಸೇರುತ್ತ ಹೋಗಿ ಸಂಗ್ರಹ ಜಾಗ ತುಂಬುವುದು ಮತ್ತೊಂದು ತೊಂದರೆ. ಜಾಗ ಸಂಪೂರ್ಣ ತುಂಬಿದರೆ ಹೊಸ ನಿಯೋಜನೆ ನಿಲ್ಲುವುದಲ್ಲದೆ ದತ್ತಸಂಚಯವೂ ಬರೆಯಲಾಗದೆ ಸ್ಥಗಿತಗೊಳ್ಳಬಹುದು. ಇದಕ್ಕೆಂದು ಸ್ವಚ್ಛಗೊಳಿಸುವ ಆದೇಶವಿದ್ದರೂ ಜಾಗದ ಮೇಲೆ ನಿಗಾ ಇಡಬೇಕು. ಉಚಿತ ಆವೃತ್ತಿಯ ಬಳಕೆ ಮುಖ್ಯವಾಗಿ ಆದೇಶ ಸಾಲಿನ ಮೂಲಕ ನಡೆಯುವುದರಿಂದ, ಗುಂಡಿ ಒತ್ತಿ ಕೆಲಸ ಮಾಡುವ ಅಭ್ಯಾಸದವರಿಗೆ ಆರಂಭದಲ್ಲಿ ಕಷ್ಟವೆನಿಸಬಹುದು.

ಇತರ ವೇದಿಕೆಗಳು

ಇದೇ ಉದ್ದೇಶದ ಇತರ ಮುಕ್ತ ತಂತ್ರಾಂಶಗಳೂ ಇವೆ. ಕ್ಯಾಪ್‌ರೋವರ್ ಡಾಕರ್ ಸ್ವಾರ್ಮ್ ಆಧಾರಿತವಾಗಿದ್ದು, ಜಾಲಪುಟದ ಮೂಲಕ ನಿರ್ವಹಿಸುವ ಸೌಲಭ್ಯ ಹೊಂದಿದೆ. ಕೂಲಿಫೈ ಕೂಡ ಜಾಲಪುಟದ ಮೂಲಕವೇ ನಡೆಯುತ್ತದೆ ಮತ್ತು ಎಸ್‌ಎಸ್‌ಎಚ್ ಸಂಪರ್ಕದಿಂದ ಹಲವು ಸರ್ವರುಗಳನ್ನು ಒಂದೇ ಕಡೆಯಿಂದ ನಿರ್ವಹಿಸಬಲ್ಲದು. ಕಾಮಲ್ ಎಂಬುದನ್ನು 37ಸಿಗ್ನಲ್ಸ್ ಕಂಪನಿಯು 2023ರಲ್ಲಿ ಬಿಡುಗಡೆ ಮಾಡಿತು. ಬಾಡಿಗೆಯ ಕ್ಲೌಡ್ ಸೇವೆಯನ್ನು ಬಿಟ್ಟು ಸ್ವಂತ ಯಂತ್ರಗಳಿಗೆ ಮರಳುವ ನಿರ್ಧಾರವನ್ನು 2022ರಲ್ಲಿ ಪ್ರಕಟಿಸಿದ್ದ ಆ ಕಂಪನಿ, ತನ್ನ ಅಗತ್ಯಕ್ಕಾಗಿಯೇ ಇದನ್ನು ರೂಪಿಸಿತು. ಪಿಕು ಇವೆಲ್ಲಕ್ಕಿಂತ ಚಿಕ್ಕದು. ಅದು ಡಾಕರ್ ಇಲ್ಲದೆಯೇ ರಾಸ್‌ಬೆರಿ ಪೈನಂತಹ ಪುಟ್ಟ ಗಣಕಗಳಲ್ಲೂ ನಡೆಯುತ್ತದೆ. ಗೂಗಲ್ 2014ರಲ್ಲಿ ಪ್ರಕಟಿಸಿದ ಕುಬರ್ನೆಟಿಸ್ ಬಹುಸಂಖ್ಯೆಯ ಯಂತ್ರಗಳನ್ನು ನಿರ್ವಹಿಸಲು ಸಮರ್ಥವಾದುದು. ಆದರೆ ಅದನ್ನು ಕಲಿಯಲು ಮತ್ತು ಕಾಪಾಡಿಕೊಳ್ಳಲು ಬೇಕಾಗುವ ಶ್ರಮ ಮೂರು ನಾಲ್ಕು ಜನರ ತಂಡಕ್ಕೆ ಹೊರೆಯಾಗುವುದೇ ಹೆಚ್ಚು.

ಭಾರತದಲ್ಲಿ ಬಳಕೆ

ಡೊಕ್ಕು ಸ್ಥಾಪಿಸಲು ಬೇಕಾದ ಸರ್ವರುಗಳು ಭಾರತದೊಳಗೇ ಬಾಡಿಗೆಗೆ ದೊರೆಯುತ್ತವೆ. ಡಿಜಿಟಲ್‌ಓಷನ್ ಬೆಂಗಳೂರಿನಲ್ಲಿಯೂ ಅಮೆಜಾನ್ ವೆಬ್ ಸರ್ವೀಸಸ್ ಮುಂಬಯಿಯಲ್ಲಿಯೂ 2016ರಲ್ಲಿ ತಮ್ಮ ಕೇಂದ್ರಗಳನ್ನು ಆರಂಭಿಸಿದವು. ಬಳಕೆದಾರರಿಗೆ ಹತ್ತಿರವಿರುವ ಸರ್ವರಿನಿಂದ ಪುಟಗಳು ಬೇಗ ತೆರೆದುಕೊಳ್ಳುತ್ತವೆ.

ಸ್ವಂತ ಸರ್ವರ್ ನಡೆಸುವವರು ಕಾನೂನಿನ ಕಡೆಗೂ ಗಮನ ಕೊಡಬೇಕಾಗುತ್ತದೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಸೇವಾದಾರರು, ದತ್ತಾಂಶ ಕೇಂದ್ರಗಳು, ಕಂಪನಿಗಳು ಮೊದಲಾದವಕ್ಕೆ ಅನ್ವಯಿಸುತ್ತವೆ. ಅವುಗಳಂತೆ ನಿರ್ದಿಷ್ಟ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನಗಳ ಕಾಲ ಕಾಪಾಡಬೇಕು. ಡೊಕ್ಕುವಿನಲ್ಲಿ ಕಂಟೇನರ್ ತೆಗೆದುಹಾಕಿದಾಗ ಅದರ ದಾಖಲೆಗಳೂ ಸಾಮಾನ್ಯವಾಗಿ ಅಳಿದುಹೋಗುವುದರಿಂದ, ಅವುಗಳನ್ನು ಬೇರೆಡೆಗೆ ಕಳುಹಿಸಿ ಇಡುವ ಏರ್ಪಾಡು ಅಗತ್ಯವಾಗುತ್ತದೆ. ಬಳಕೆದಾರರ ಹೆಸರು, ದೂರವಾಣಿ ಸಂಖ್ಯೆ ಮೊದಲಾದ ವಿವರಗಳನ್ನು ಸಂಗ್ರಹಿಸುವ ಆ್ಯಪ್‌ಗಳಿಗೆ ಸಂಬಂಧಿಸಿದಂತೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ.

ಮಹತ್ತ್ವ

ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರ ರೂಪಾಯಿಗಳವರೆಗಿನ ಮಾಸಿಕ ಬಾಡಿಗೆಯ ಒಂದೇ ಯಂತ್ರದಲ್ಲಿ ಹಲವು ಆ್ಯಪ್‌ಗಳನ್ನು ನಡೆಸಲು ಸಾಧ್ಯವಾಗಿರುವುದು ಡೊಕ್ಕುವಿನಂತಹ ವೇದಿಕೆಗಳ ಮುಖ್ಯ ಲಾಭ. ಆ್ಯಪ್ ಡಾಕರ್ ಇಮೇಜ್ ರೂಪದಲ್ಲಿಯೂ ಸಂಕೇತ ಗಿಟ್ ಸಂಗ್ರಹದಲ್ಲಿಯೂ ಇರುವುದರಿಂದ, ಬೇಡವೆನಿಸಿದಾಗ ಬೇರೆ ವೇದಿಕೆಗೆ ಹೋಗುವ ಹಾದಿಯೂ ತೆರೆದಿರುತ್ತದೆ. ವಾಣಿಜ್ಯ ಸೇವೆಯಲ್ಲಿ ತೆರುವ ಹಣದ ಒಂದು ಪಾಲು ಪರಿಷ್ಕರಣೆ, ಬ್ಯಾಕಪ್ ಮತ್ತು ಕಾವಲಿನ ಕೆಲಸಗಳಿಗೆ ಸಲ್ಲುತ್ತದೆ. ಸ್ವಂತ ಸರ್ವರಿನಲ್ಲಿ ಆ ಹಣ ಉಳಿಯುತ್ತದೆ, ಕೆಲಸ ಮಾತ್ರ ತಂಡದ ಪಾಲಿಗೆ ಬರುತ್ತದೆ. ಆದ್ದರಿಂದ ಈ ಬಗೆಯ ವೇದಿಕೆಯನ್ನು ಆರಿಸುವ ತಂಡವು ಈ ಮೂರು ಕೆಲಸಗಳನ್ನು ಯಾರು, ಯಾವಾಗ ಮಾಡಬೇಕೆಂದು ಮೊದಲೇ ಬರೆದಿಟ್ಟು ಹಂಚಿಕೊಳ್ಳುವುದು ರೂಢಿಯಲ್ಲಿರುವ ಒಳ್ಳೆಯ ಕ್ರಮವಾಗಿದೆ.